ಹದಿನಾರನೇ ನಂಬರಿನ ಜೆರ್ಸಿ

ನಮ್ಮ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಗೆ, ಫುಟ್‌ಬಾಲ್ ಹೆತ್ತ ಮಗ, ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಮಲಮಗ. ಫುಟ್‌ಬಾಲ್‌ನವರಿಗೆ ಪಂದ್ಯ ಮುಗಿದ ಮೇಲೆ ಹೋಟೆಲಿನಲ್ಲಿ ಬಿಸಿ ಊಟ; ಆ್ಯಶ್ ಮರದ ಕೋಲು ಹಿಡಿದು ಕೈಕಾಲು ಮುರಿದುಕೊಂಡ ನಮಗೆ ಬಸ್ಸಿನ ಹಿಂದಿನ ಸೀಟಿನಲ್ಲಿ ತಣ್ಣಗಿನ ಹ್ಯಾಮ್ ಸ್ಯಾಂಡ್‌ವಿಚ್. ತೊಂಬತ್ತು ವರ್ಷಗಳ ಚರಿತ್ರೆಯಲ್ಲಿ ಎಷ್ಟು ಪಂದ್ಯ ಗೆದ್ದಿದ್ದೀರಿ ಎಂದು ಯಾರಾದರೂ ಕೇಳಿದರೆ ನಾವು ಮಳೆಯ ಮಾತೆತ್ತುತ್ತೇವೆ. ಆದರೂ ನನಗೆ ಬುದ್ಧಿ ಬಂದಾಗಿನಿಂದ ಒಂದು ವರ್ಷವೂ ತಂಡ ಕಣಕ್ಕಿಳಿಯದೆ ಉಳಿದಿಲ್ಲ. ಅದರ ಪುಣ್ಯ ಆಟಗಾರರದಲ್ಲ, ಡಿಂಪ್ನಾ ಗಿಲ್‌ರಾಯ್ ಅವರದು. ಒಂಬತ್ತು ವರ್ಷ ಈ ತಂಡದ ಗೋಲ್‌ಕೀಪರಾಗಿ ಬಲೆಯೊಳಗಿಂದ ಚೆಂಡು ಹೆಕ್ಕಿದವನು ನಾನು. ನನ್ನ ಮಾತು ನಂಬಬಹುದು.

ಡಿಂಪ್ನಾ ಮೂವತ್ತೆಂಟು ವರ್ಷ ನಮ್ಮ ಜೆರ್ಸಿಗಳನ್ನು ನೋಡಿಕೊಂಡರು. ಒಗೆದು, ಹೊಲಿದು, ನಂಬರಿನ ಪ್ರಕಾರ ಮಡಿಸಿ ಬುಟ್ಟಿಗೆ ಹಾಕುವುದು ಅವರ ಕೆಲಸ. ಪಂದ್ಯ ಮುಗಿದ ಕೂಡಲೇ ಆ ಬುಟ್ಟಿ ಹಿಡಿದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದರು. ಜೆರ್ಸಿ ಬಿಚ್ಚಿಕೊಡದೆ ಯಾರೂ ಮನೆಗೆ ಹೋಗುವಂತಿರಲಿಲ್ಲ. "ಇದೊಂದು ನೆನಪಿಗೆ ಇಟ್ಕೋತೀನಿ" ಎಂದು ಒಬ್ಬ ಹಲ್ಲು ಕಿರಿದಾಗ, "ನಾಲ್ಕು ಗೋಲ್ ಬಿಟ್ಟುಕೊಟ್ಟಿದ್ದೀಯಲ್ಲಪ್ಪ, ಆ ನೆನಪು ಸಾಲದಾ? ಬಿಚ್ಚು" ಎಂದಿದ್ದರು. ಆ ಒಬ್ಬ ನಾನೇ.

ನಮ್ಮಲ್ಲಿ ಹಳೆಯ ಆಟಗಾರ ಸತ್ತರೆ ಅವನ ಶವಪೆಟ್ಟಿಗೆಯ ಮೇಲೆ ಕೌಂಟಿಯ ಜೆರ್ಸಿ ಹೊದಿಸುತ್ತಾರೆ. ಜೆರ್ಸಿ ತರುವವರೂ ಡಿಂಪ್ನಾ, ಪೆಟ್ಟಿಗೆ ಗುಂಡಿಗಿಳಿಯುವ ಮುನ್ನ ತೆಗೆದು ಮಡಿಸಿ ಕಂಕುಳಿಗೆ ಸೇರಿಸುವವರೂ ಅವರೇ. "ಇವರು ಸ್ವರ್ಗಕ್ಕೆ ಹೋದ್ರೆ ಬಾಗಿಲು ಕಾಯೋ ಸೇಂಟ್ ಪೀಟರ್ ಹತ್ರಾನೂ ರಸೀದಿ ಕೇಳ್ತಾರೆ" ಎಂದು ನಗುತ್ತಿದ್ದೆವು. ಇದಕ್ಕೊಂದು ಕಟ್ಟುನಿಟ್ಟಿನ ನಿಯಮವೂ ಇತ್ತು: ಕೌಂಟಿಗಾಗಿ ಒಂದು ನಿಮಿಷವಾದರೂ ಮೈದಾನದಲ್ಲಿ ಆಡಿದವರಿಗೆ ಮಾತ್ರ ಈ ಗೌರವ. ನಮ್ಮ ಅಧ್ಯಕ್ಷ ಫೀಲಿಮ್‌ನ ಚಿಕ್ಕಪ್ಪ ಇಪ್ಪತ್ತು ವರ್ಷ ಊರ ಮಕ್ಕಳಿಗೆ ಕೋಲು ಹಿಡಿಯಲು ಕಲಿಸಿದವರು, ಆದರೆ ತಾವು ಆಡಿದವರಲ್ಲ. ಅವರು ತೀರಿಕೊಂಡಾಗ ಫೀಲಿಮ್ ಕೈಮುಗಿದು ಕೇಳಿದರೂ ಡಿಂಪ್ನಾ ಕೊಡಲಿಲ್ಲ. ಎರಡು ವರ್ಷ ಅವನು ಇವರ ಮುಖ ನೋಡಲಿಲ್ಲ.

ಡಿಂಪ್ನಾರ ಗಂಡ ಕೋಲ್ಮನ್ ನಗುಮುಖದ ಮನುಷ್ಯ. ಹನ್ನೊಂದು ವರ್ಷ ನಮ್ಮ ತಂಡದ ಬದಲಿ ಗೋಲ್‌ಕೀಪರ್, ನಂಬರ್ ಹದಿನಾರು. ಹನ್ನೊಂದು ವರ್ಷವೂ ಬೆಂಚಿನ ಮೇಲೇ ಕಳೆದವರು. ಆಗಿನ ಗೋಲ್‌ಕೀಪರ್ ಜಾರ್ಲತ್‌ಗೆ ನೆಗಡಿ ಕೂಡ ಬರುತ್ತಿರಲಿಲ್ಲ. ಒಂದೇ ಒಂದು ಸಲ ಚೆಂಡು ಅವನ ಬಾಯಿಗೆ ಬಡಿದು ಮುಖವೆಲ್ಲ ರಕ್ತವಾಯಿತು. ಕೋಲ್ಮನ್ ಕೋಟು ಬಿಸಾಕಿ, ಕೋಲು ಹಿಡಿದು ಗೆರೆಯ ಹತ್ತಿರ ಓಡಿದರು. ಅಷ್ಟರಲ್ಲಿ ಜಾರ್ಲತ್ ಒಂದು ಹಲ್ಲು ಉಗಿದು ಎದ್ದು ನಿಂತ. ಕೋಲ್ಮನ್ ವಾಪಸ್ ಬಂದು ಕೋಟು ಹಾಕಿಕೊಂಡರು. "ಇನ್ನೊಂದು ಹಲ್ಲು ಬಿದ್ದಿದ್ರೆ ನಾನೂ ಚರಿತ್ರೆಗೆ ಸೇರ್ತಿದ್ದೆ ನೋಡ್ರಪ್ಪ" ಎಂದು ಪಬ್ಬಿನಲ್ಲಿ ತಾವೇ ಹೇಳಿಕೊಂಡು ನಗುತ್ತಿದ್ದರು. ಆಗ ಡಿಂಪ್ನಾ ನಗುತ್ತಿರಲಿಲ್ಲ. ಅವರ ಕಣ್ಣು ಲೋಟದ ಮೇಲಿರುತ್ತಿತ್ತು.

ಕೋಲ್ಮನ್ ನಂತರ ಬೆಂಚಿನಲ್ಲಿ ಕೂರಲು ಎರಡನೇ ಗೋಲ್‌ಕೀಪರೇ ನಮಗೆ ಸಿಗಲಿಲ್ಲ. ಉಳಿದ ಜೆರ್ಸಿಗಳೆಲ್ಲ ಮೂರು ಸಲ ಬದಲಾದವು. ಹದಿನಾರು ಮಾತ್ರ ಬುಟ್ಟಿಯ ತಳದಲ್ಲಿ ಹಾಗೇ ಉಳಿಯಿತು.

ಕೋಲ್ಮನ್ ಮಾರ್ಚ್ ತಿಂಗಳ ಒಂದು ಗುರುವಾರ ತೀರಿಕೊಂಡರು. ಶನಿವಾರ ಅಂತ್ಯಕ್ರಿಯೆ, ಭಾನುವಾರ ನಮ್ಮೂರಲ್ಲೇ ಪಂದ್ಯ. ಶುಕ್ರವಾರ ಅವರ ಮನೆಯಲ್ಲಿ ಕೊನೆಯ ದರ್ಶನಕ್ಕೆ ಊರೆಲ್ಲ ಸೇರಿ ಟೀ ಕುಡಿಯುತ್ತಿದ್ದಾಗ ಫೀಲಿಮ್ ಅಡುಗೆಮನೆಗೆ ಬಂದ. ನಾನು ಅಲ್ಲಿ ಕಪ್ಪು ತೊಳೆಯುತ್ತಿದ್ದೆ.

"ಡಿಂಪ್ನಾ, ನಾಳೆ ಹದಿನಾರು ಹೊದಿಸೋಣ," ಎಂದ. "ಯಾರೂ ಏನೂ ಅನ್ನಲ್ಲ. ನಾನಂತೂ ಅನ್ನಲ್ಲ."

"ಅವರು ಆಡಿಲ್ಲ, ಫೀಲಿಮ್."

"ಹನ್ನೊಂದು ವರ್ಷ ಮಳೇಲಿ ಕೂತಿದ್ರಲ್ಲ! ಅದೇನು ಸಾಮಾನ್ಯಾನಾ?"

"ನಿಮ್ಮ ಚಿಕ್ಕಪ್ಪನೂ ಮಳೇಲಿ ನಿಂತವರೇ. ಅವತ್ತು ನಿಮಗೆ ಇಲ್ಲ ಅಂದೆ. ಇವತ್ತು ನನ್ನ ಗಂಡ ಅಂತ ಕೊಟ್ರೆ ನಿಮ್ಮ ಚಿಕ್ಕಮ್ಮನ ಎದುರು ಯಾವ ಮುಖ ಹೊತ್ತು ನಿಲ್ಲಲಿ?"

"ನೀವು ಹಟಮಾರಿ."

"ಹೌದು. ಸ್ಯಾಂಡ್‌ವಿಚ್ ತಗೊಳ್ಳಿ."

ಶನಿವಾರ ಕೋಲ್ಮನ್‌ರ ಪೆಟ್ಟಿಗೆಯ ಮೇಲೆ ಒಂದು ಹಿಡಿ ಹಳದಿ ಡ್ಯಾಫೊಡಿಲ್ ಹೂವು ಬಿಟ್ಟರೆ ಬೇರೇನೂ ಇರಲಿಲ್ಲ. ನನಗೆ ಡಿಂಪ್ನಾರ ಮೇಲೆ ಕೆಟ್ಟ ಸಿಟ್ಟು ಬಂತು. ಎಂಥ ನಿಯಮ, ಯಾರಿಗೆ ಬೇಕಾಗಿತ್ತು! ಕೈಕುಲುಕುವಾಗಲೂ ನನ್ನ ಸಿಟ್ಟು ಇಳಿಯಲಿಲ್ಲ.

ಭಾನುವಾರ ಅವರು ಬರುತ್ತಾರೆಂದು ಯಾರೂ ಎಣಿಸಿರಲಿಲ್ಲ. ಎಂದಿನಂತೆ ಎಲ್ಲರಿಗಿಂತ ಮೊದಲೇ ಬಂದು, ಬುಟ್ಟಿ ತೆರೆದು, ಎರಡು, ಮೂರು, ನಾಲ್ಕು ಎಂದು ಹಂಚತೊಡಗಿದರು. ಹದಿನೈದರವರೆಗೂ ಮುಗಿಯಿತು. ನಾನು ಬನಿಯನ್ನಿನಲ್ಲಿ ಚಳಿಗೆ ಮುದುಡಿ ನಿಂತೇ ಇದ್ದೆ.

"ನನ್ನ ನಂಬರ್ ಒಂದು ಎಲ್ಲಿ?" ಎಂದೆ.

"ಮನೇಲಿ ಮರೆತು ಬಂದೆ."

ಮೂವತ್ತೆಂಟು ವರ್ಷದಲ್ಲಿ ಆ ಹೆಂಗಸು ಒಂದು ಕಾಲುಚೀಲವನ್ನೂ ಮರೆತವರಲ್ಲ.

"ಗೋಲ್‌ಕೀಪರ್ ಬೇರೆ ಬಣ್ಣ ಹಾಕಲೇಬೇಕು," ಎಂದರು, ಬುಟ್ಟಿಯ ತಳ ನೋಡುತ್ತಾ. "ಆ ಬಣ್ಣದ್ದು ಇನ್ನೊಂದೇ ಇರೋದು. ನಿನಗೆ ಹೊಟ್ಟೆ ಹತ್ರ ಬಿಗಿಯಾಗುತ್ತೆ. ಉಸಿರು ಹಿಡ್ಕೋ."

ಫೀಲಿಮ್ ರೆಫರಿಗೆ ಕೊಡಬೇಕಾದ ಪಟ್ಟಿ ತೆಗೆದು, ನನ್ನ ಹೆಸರಿನ ಮುಂದಿದ್ದ ಒಂದನ್ನು ಹೊಡೆದುಹಾಕಿ ಹದಿನಾರು ಎಂದು ಬರೆದ.

ನಾನು ನೆಲಕ್ಕೆ ಬೀಳುವ ಜಾತಿಯ ಗೋಲ್‌ಕೀಪರ್ ಅಲ್ಲ. ದೂರದ ಚೆಂಡಿಗೆ ದೂರದಿಂದಲೇ ನಮಸ್ಕಾರ ಹಾಕುವವನು. ಅವತ್ತು ಮಾತ್ರ ಕಂಡ ಕಂಡ ಚೆಂಡಿಗೆಲ್ಲ ಹಾರಿದೆ, ಕೆಸರಲ್ಲಿ ಹೊರಳಿದೆ, ತುಟಿ ಹರಿದುಕೊಂಡೆ. "ಏಯ್, ಇವನಿಗೆ ಹುಚ್ಚು ಹಿಡಿದಿದೆ ಕಣ್ರೋ!" ಎಂದು ಎದುರಾಳಿಯೊಬ್ಬ ಕೂಗಿದ. ಆದರೂ ನಾಲ್ಕು ಪಾಯಿಂಟಿನಿಂದ ಸೋತೆವು. ನಮ್ಮ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ ಗೆಲುವೇ.

ಬಾಗಿಲಲ್ಲಿ ಡಿಂಪ್ನಾ ಉಳಿದವರ ಜೆರ್ಸಿಗಳನ್ನು ಬುಟ್ಟಿಗೆ ಹಾಕಿಸಿಕೊಂಡರು. ನನ್ನದನ್ನು ಕೈಗೇ ತೆಗೆದುಕೊಂಡರು. ಮೈದಾನದ ಗೋಡೆಯ ಆಚೆಯೇ ನಮ್ಮ ಸ್ಮಶಾನ. ಅವರು ಅತ್ತ ನಡೆದರು; ಕರೆಯದಿದ್ದರೂ ನಾನು, ಫೀಲಿಮ್ ಇಬ್ಬರೂ ಹಿಂದೆ ಹೋದೆವು. ಕೋಲ್ಮನ್‌ರ ಸಮಾಧಿಯ ಹಸಿಮಣ್ಣಿನ ಮೇಲೆ ಜೆರ್ಸಿ ಹಾಸಿ, "ಹದಿನಾರು ಇವತ್ತು ಆಡಿತು" ಎಂದು ತೋಳು ಎರಡನ್ನೂ ನೇರ ಮಾಡಿದರು. ಆಮೇಲೆ ಅತ್ತರು, ಮೂರು ದಿನದ ಅಳು. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ, ನಾನೂ ಅತ್ತೆ.

ಸ್ವಲ್ಪ ಹೊತ್ತಾದ ಮೇಲೆ ಮೂಗು ಒರೆಸಿಕೊಂಡು, ಜೆರ್ಸಿ ಎತ್ತಿ ಕೊಡವಿ, ಫೀಲಿಮ್ ಕಡೆ ತಿರುಗಿದರು.

"ನಿಮ್ಮ ಚಿಕ್ಕಪ್ಪ ಯಾವ ಸಾಲಿನಲ್ಲಿದ್ದಾರೆ?"

ಫೀಲಿಮ್ ಕೈ ತೋರಿಸಿದ.

"ನಡೀರಿ," ಎಂದರು ಡಿಂಪ್ನಾ. "ಅವರಿಗೂ ಇಷ್ಟೇ ಹೊತ್ತು ಹೊದಿಸೋಣ."