ಪ್ರತಿ ಸಾಲಿಗೊಂದು ಹೂಂ

ನಿಮ್ಮ ಅಜ್ಜ ದಾಲ್ ಮಿಲ್ಲಿನ ಯಂತ್ರಗಳ ಡ್ರಾಯಿಂಗ್ ತೆಗೆಯುತ್ತಿದ್ದರು. ಕಾರಖಾನೆ ಕಳಮೇಶ್ವರದಲ್ಲಿ, ನಮ್ಮ ಮನೆ ಮಹಾಲ್ ಎಂಬ ಹಳೆಯ ಪೇಟೆಯಲ್ಲಿ, ಹಲವು ಬಿಡಾರಗಳಿದ್ದ ಒಂದು ವಾಡೆಯ ಹಿಂದಿನ ಎರಡು ಖೋಲಿ. ಆರು ದಿನ ಬಸ್ಸಿನಲ್ಲಿ ಹೋಗಿ ಬಂದು ಮಾಡುವಷ್ಟರಲ್ಲಿ ಅವರಿಗೆ ಮಾತಾಡುವ ತ್ರಾಣ ಉಳಿಯುತ್ತಿರಲಿಲ್ಲ. ನನಗಂತೂ ಮೊದಲಿನಿಂದಲೂ ಮಾತು ಕಡಿಮೆ. ತವರೂರಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿ ಬಂದವಳು. ಇಲ್ಲಿ ಹೊಸ್ತಿಲು ದಾಟಿದರೆ ಮರಾಠಿ, ಹಿಂದಿ. ನೆರೆಯ ಹೆಂಗಸರು ಏನಾದರೂ ಕೇಳಿದರೆ ನಕ್ಕು ಒಳಗೆ ಬಂದುಬಿಡುತ್ತಿದ್ದೆ.

ಆದರೆ ರವಿವಾರ ಬೆಳಿಗ್ಗೆ ನನಗೊಂದು ಕೆಲಸವಿತ್ತು. ಒಂದು ಯಂತ್ರಕ್ಕೆ ನೂರಾರು ಬಿಡಿಭಾಗ. ಯಾವ ಭಾಗ, ಅದರ ನಂಬರ್ ಏನು, ಎಷ್ಟು ಬೇಕು ಎಂದು ನಿಮ್ಮ ಅಜ್ಜ ಕೈಯಿಂದ ಒಂದು ಯಾದಿ ಬರೆಯುತ್ತಿದ್ದರು. ಅದನ್ನು ನೋಡಿಯೇ ಸ್ಟೋರಿನವನು ಸಾಮಾನು ತರಿಸಬೇಕು. ಕೊಡುವ ಮೊದಲು ಅವರು ಯಾದಿಯನ್ನೂ ಡ್ರಾಯಿಂಗನ್ನೂ ಮನೆಗೆ ತರುತ್ತಿದ್ದರು. ಡ್ರಾಯಿಂಗನ್ನು ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ವಾಟಿ, ಊಟದ ಬಟ್ಟಲು, ಇಡುವುದು. ನಾನು ಯಾದಿ ಓದಬೇಕು. ಅವರು ಆ ನಂಬರನ್ನು ಚಿತ್ರದಲ್ಲಿ ಹುಡುಕಿ, ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದು, "ಹೂಂ" ಎನ್ನಬೇಕು. ಆಮೇಲೆ ಮುಂದಿನ ಸಾಲು.

ನನ್ನ ಇಂಗ್ಲಿಷ್ ಎಂದರೆ ದೊಡ್ಡ ಅಕ್ಷರ ಕೂಡಿಸಿ ಓದುವಷ್ಟು. ಒಮ್ಮೆ "ಮೂರು-ಎರಡು, ಸಿಯೆವೆ, ನಾಲ್ಕು" ಎಂದು ಓದಿದೆ. ನಿಮ್ಮ ಅವ್ವ ಆಗ ಇನ್ನೂ ಲಂಗದ ಹುಡುಗಿ, ಬಿದ್ದು ಬಿದ್ದು ನಕ್ಕಳು.

"ಅವ್ವಾ, ಸಿಯೆವೆ ಅಂದ್ರ ಕಾಯ್? ಏನದು?"

"ನಗಬ್ಯಾಡ ಆಕೀಗೆ," ಎಂದು ಅಜ್ಜ ನನ್ನ ಕಡೆ ತಿರುಗಿದರು. "ಅದು ಸೀವ್, ಜರಡಿ. ಜರಡಿ ಅಂತನ ಓದು. ಹಿಟ್ಟು ಸಾಣಿಸಾಕಿಗೆ ಜರಡಿ ಗೊತ್ತಿಲ್ಲೇನು?"

ನಮ್ಮ ಊರಿನಲ್ಲಿ ಕಥೆ ಹೇಳುವವರಿಗೆ ಎದುರಿಗೊಬ್ಬರು ಹೂಂಗುಟ್ಟಬೇಕಿತ್ತು; ಇಲ್ಲದಿದ್ದರೆ ಕಥೆ ಮುಂದೆ ಹೋಗದು. ನಾನು ಯಾವಾಗಲೂ ಹೂಂಗುಟ್ಟುವವಳೇ ಆಗಿದ್ದೆ. ನನ್ನ ಮಾತಿಗೆ ಇನ್ನೊಬ್ಬರು ಹೂಂ ಎಂದದ್ದು ಆ ಯಾದಿ ಓದುವಾಗ ಮಾತ್ರ. ಬೋಲ್ಟ್ ಹನ್ನೆರಡು, ಹೂಂ. ವಾಷರ್ ಇಪ್ಪತ್ನಾಲ್ಕು, ಹೂಂ. ನಿಮಗೆ ಇದು ನಗೆ ಬರಿಸಬಹುದು. ನನಗೆ ಸೋಮವಾರದಿಂದಲೇ ರವಿವಾರದ ದಾರಿ ಕಾಯುವುದಾಗುತ್ತಿತ್ತು.

ನಿಮ್ಮ ಅವ್ವ ಎಂಟನೆಯ ಇಯತ್ತೆಗೆ ಹೋದ ವರ್ಷ ಕಾರಖಾನೆಗೆ ಕಂಪ್ಯೂಟರ್ ಬಂತು. ನಿಮ್ಮ ಅಜ್ಜ ಹಟ ಹಿಡಿದು ಕಲಿತರು. ಒಂದು ದಿನ ಚಪ್ಪಲಿ ಬಿಡುವ ಮೊದಲೇ ಹೇಳಿದರು: "ಡ್ರಾಯಿಂಗ್ ಮುಗೀತಂದ್ರ ಯಾದಿ ತಾನ ತಯಾರಾಗತೈತಿ. ಅದನ್ನ ಎಕ್ಸೆಲ್‌ಗೆ ಕಳಿಸಿದ್ರ ಆತು, ಸಾಲಿಗೆ ಸಾಲು ಬರೋಬರ್ ಕೂತು ಬಿಡತೈತಿ."

"ತಪ್ಪು ಆಗೂದಿಲ್ಲೇನ್ರಿ?"

"ಕಂಪ್ಯೂಟರ್ ಹ್ಯಾಂಗ ತಪ್ಪತೈತಿ? ಇನ್ನ ನಿನಗ ಓದೂ ತ್ರಾಸ ಇಲ್ಲ ನೋಡು."

ನನ್ನ ಹೊರೆ ಇಳಿಸಿದ ಸಂತೋಷ ಅವರ ಮುಖದ ಮೇಲಿತ್ತು. "ಚಲೋ ಆತು" ಎಂದೆ. ಬೇರೆ ಏನು ಹೇಳಲಿ? ಆ ರವಿವಾರ ಒಂಬತ್ತಕ್ಕೆಲ್ಲ ಅಡಿಗೆ ಮುಗಿದಿತ್ತು. ಅವರು ಪೇಪರ್ ಓದುತ್ತ ಕೂತರು. ನಾನು ಒರೆಸಿದ ನೆಲವನ್ನೇ ಇನ್ನೊಮ್ಮೆ ಒರೆಸಿದೆ.

ಕೆಲವು ವಾರ ಕಳೆದ ಮೇಲೆ ಅವರು ಮುಖ ಗಂಟಿಕ್ಕಿಕೊಂಡು ಬಂದರು. ಒಂದು ಯಂತ್ರದ ಎಷ್ಟೋ ಭಾಗ ಬಂದೇ ಇರಲಿಲ್ಲ. ಕೇಳಿದರೆ ಸ್ಟೋರಿನವನು ಆರಾಮವಾಗಿ, "ಸಾಹೇಬ, ಅಭೀ ತೋ ನವೆಂಬರ್ ಹೈ. ಆಪನೇ ಫೆಬ್ರವರಿ ಲಿಖಾ ಹೈ" ಎಂದನಂತೆ. ಈಗಿನ್ನೂ ನವೆಂಬರ್, ಇವರೇ ಫೆಬ್ರವರಿ ಎಂದು ಬರೆದಿದ್ದಾರಂತೆ! ಯಾರು ಬರೆದರು ಫೆಬ್ರವರಿ? ಮಾಲಕರು ಎಲ್ಲರೆದುರು ಇವರನ್ನೇ ಬೈದಿದ್ದರು. ರವಿವಾರ ಯಾದಿಯನ್ನು ನನ್ನ ಕೈಗಿಟ್ಟು, "ಓದು" ಎಂದರು. ಎಷ್ಟು ದಿನಕ್ಕೆ ಕೇಳಿದ ಮಾತು!

"ಮೂರು ಫೆಬ್ರವರಿ, ಜರಡಿ, ನಾಲ್ಕು."

ಹೂಂ ಬರಲಿಲ್ಲ.

"ಏನಂದಿ?"

"ಮೂರು ಫೆಬ್ರವರಿ. ಅದರ ಕೆಳಗ ಮೂರು ಮಾರ್ಚ್, ಪುಲ್ಲಿ, ಎರಡು."

ಅವರು ಹಾಳೆ ಕಸಿದುಕೊಂಡು ನೋಡಿದರು. ಮೂರು-ಎರಡು ಎಂದರೆ ಮೂರನೆಯ ಜೋಡಣೆಯ ಎರಡನೆಯ ಭಾಗ. ಎಕ್ಸೆಲ್ ಅದನ್ನು ತಾರೀಖು ಎಂದು ತಿಳಿದು ಫೆಬ್ರವರಿ ಮೂರು ಮಾಡಿಬಿಟ್ಟಿತ್ತು. ಸ್ಟೋರಿನವನು ಅದನ್ನು ಸಾಮಾನು ಬರಬೇಕಾದ ದಿನ ಎಂದು ತಿಳಿದು ಸುಮ್ಮನಿದ್ದ. ನಿಮ್ಮ ಅಜ್ಜ ಮೊದಲು ಹಣೆ ಬಡಿದುಕೊಂಡರು, ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಾ ದಿನಾ ನೋಡೇನಿ ಈ ಹಾಳಿ. ನನ್ನ ತಲ್ಯಾಗ ಮೂರು-ಎರಡು ಇತ್ತು, ಅದನ್ನ ನೋಡಿದೆ. ನೀ ಇದ್ದದ್ದನ್ನ ಓದಿದಿ."

ಮತ್ತೆ ನಾಲ್ಕು ರವಿವಾರ ನಾವು ಓದಿದೆವು. ಅವರು ತಿದ್ದಿ ಬರೆದರೂ ಎಕ್ಸೆಲ್ ಮತ್ತೆ ಫೆಬ್ರವರಿಯೇ ಮಾಡುತ್ತಿತ್ತಂತೆ. ನಾನು ದೇವರಿಗೆ ದೀಪ ಹಚ್ಚುವಾಗ, ಇನ್ನಷ್ಟು ದಿನ ತಪ್ಪು ಹೀಗೆಯೇ ಸಿಗಲಿ ಎಂದು ಬೇಡಿಕೊಂಡೆ. ಗಂಡನ ಅನ್ನದ ಕೆಲಸದಲ್ಲಿ ತಪ್ಪು ಬೇಡಿದ ಹೆಂಡತಿ ನಾನೊಬ್ಬಳೇ ಇರಬೇಕು.

ಐದನೆಯ ವಾರ ಅವರು ಬರಿಗೈಯಲ್ಲಿ ಬಂದರು. "ಉಪಾಯ ಸಿಕ್ತು. ಯಾದಿ ಎಕ್ಸೆಲ್‌ಗೆ ತರೂ ಮೊದ್ಲ ಆ ನಂಬರಿನ ಕಾಲಮ್ಮಿಗೆ, ಇದು ಬರೇ ಅಕ್ಷರ, ಲೆಕ್ಕ ಅಲ್ಲ ಅಂತ ಹೇಳಿ ಇಡಬೇಕು. ಆಮ್ಯಾಲೆ ಅದು ಏನೂ ಬದಲ ಮಾಡೂದಿಲ್ಲ." ಮಾಲಕರೂ ಹೊಗಳಿದ್ದರಂತೆ. ಈ ಸಲ ನಾನು "ಚಲೋ ಆತು" ಎನ್ನದೆ ಆ ನಾಲ್ಕು ವಾಟಿಗಳನ್ನು ಎತ್ತಿ ಮಾಡದಲ್ಲಿ ಇಟ್ಟೆ.

ಹೋಳಿ ಕಳೆದ ಮೇಲೆ ಒಂದು ಸಂಜೆ ಚಹಾ ಕೊಡುತ್ತ ಕೇಳಿಯೇಬಿಟ್ಟೆ. "ಒಮ್ಮೆ ಆ ಯಾದಿ ತರ್ರಿ. ನಾ ಓದತೀನಿ."

"ಯಾಕ? ಎಲ್ಲಾ ಬರೋಬರ್ ಐತಲ್ಲ."

"ಸುಮ್ನ."

ಖಾಲಿ ಕಪ್ಪಿಗೂ ಕಾಯದೆ ಒಳಗೆ ಹೋದೆ. ಮುಂದಿನ ಶನಿವಾರ ಅವರು ಬಗಲಲ್ಲಿ ಡ್ರಾಯಿಂಗಿನ ಸುರುಳಿ, ಯಾದಿ ಇಟ್ಟುಕೊಂಡು ಬಂದರು. ಅದರಲ್ಲಿದ್ದ ಯಂತ್ರ ಕಳಮನಾ ಕಡೆಯ ಒಂದು ಮಿಲ್ಲಿನಲ್ಲಿ ಆಗಲೇ ತೊಗರಿ ಒಡೆಯುತ್ತಿತ್ತು. ಅದರ ಯಾದಿ ಓದಿ ಯಾರಿಗೂ ಏನೂ ಆಗಬೇಕಿರಲಿಲ್ಲ. ಬೆಳಿಗ್ಗೆ ಇಬ್ಬರೂ ಕೂತೆವು. ಅವರು ಪೆನ್ಸಿಲ್ ಕೂಡ ತೆಗೆಯಲಿಲ್ಲ. ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ನಾನು ಅವಸರ ಮಾಡದೆ ಓದಿದೆ. ಅವರೂ ಅವಸರ ಮಾಡದೆ ಹೂಂ ಎಂದರು.

ಎರಡನೆಯ ಹಾಳೆಯ ನಡುವೆ ಇದ್ದೆವು. ನಿಮ್ಮ ಅವ್ವ ಅಂಗಳದಿಂದ ಕೂಗಿದಳು, "ಅವ್ವಾ, ನಳ ಆಲಾ! ಜಲ್ದಿ!" ವಾಡೆಗೆ ನೀರು ಬರುವುದೇ ದಿನಕ್ಕೊಮ್ಮೆ, ಅದೂ ಅರ್ಧ ತಾಸು. ಎದ್ದು ಹೋದೆ. ಕೊಡ, ಹಂಡೆ, ಬಕೀಟು ಎಲ್ಲ ತುಂಬಿಸಿ ಬರುವಷ್ಟರಲ್ಲಿ ಅವರು ಸುರುಳಿ ಸುತ್ತಿಟ್ಟು, ಅಂಗಿ ತೊಟ್ಟು ಬಾಜಾರಕ್ಕೆ ಹೊರಟಿದ್ದರು. ಸೋಮವಾರ ಅದು ಆಫೀಸಿಗೆ ಮರಳಿತು. ಇನ್ನೊಮ್ಮೆ ಕೇಳಲು ನನಗೆ ನಾಚಿಕೆಯಾಯಿತು. ಮುಂದಿನ ವರ್ಷ ಕೇಳಲು ಅವರೇ ಇರಲಿಲ್ಲ.

ಆ ಯಾದಿ ನಾಲ್ಕು ಹಾಳೆಯದು. ಉಳಿದ ಎರಡೂವರೆ ಹಾಳೆಯಲ್ಲಿ ಏನೇನಿತ್ತೋ ನನಗೆ ತಿಳಿಯದು. ಅವತ್ತು ನಾನು ಏಳದಿದ್ದರೆ ಮನೆಯಲ್ಲಿ ಒಂದು ದಿನ ನೀರಿರುತ್ತಿರಲಿಲ್ಲ, ಅಷ್ಟೆ.