ಅಡುಗೆಮನೆಯಲ್ಲಿ ಮಲಗಿದ್ದ ಮರ

ದರ್ಜಿ ಮಾವನ ಕೆಳತುಟಿಗೆ ಸದಾ ಒಂದು ದಾರದ ಚೂರು ಅಂಟಿರುತ್ತಿತ್ತು. ಮಾತಾಡಿದರೆ ಅದೂ ಅಲುಗುತ್ತಿತ್ತು. ತಿಪಟೂರಿನಲ್ಲಿ ನಮ್ಮ ಪಕ್ಕದ ಮನೆ ಅವರದು. ಮಕ್ಕಳಾದ ನಮಗೆಲ್ಲ ಅವರು ಮಾವ, ಅವರ ಹೆಂಡತಿ ಅತ್ತೆ; ಅಪ್ಪನಿಗೆ ಅವರು ಸಾಹೇಬರು. ಅಳತೆಗೆ ಸೆಟೆದು ನಿಂತರೆ, "ಉಸಿರು ಬುಡಪ್ಪ, ಗೊಂಬೆಗೆ ಹೊಲೀತಿಲ್ಲ ನಾನು" ಎನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಸಂಜೆ ಬಿರುಗಾಳಿಗೆ ನಮ್ಮ ಹಿತ್ತಲ ಮೂಲೆಯ ತೆಂಗಿನಮರ ವಾಲಿ ಅವರ ಅಡುಗೆಮನೆಯ ಮೇಲೆ ಬಿತ್ತು. ಅತ್ತೆ ಒಲೆಯ ಮುಂದಿದ್ದರು. ಹೊರಗೆ ತೆಗೆಯುವಷ್ಟರಲ್ಲಿ ಪ್ರಾಣವಿರಲಿಲ್ಲ.

ಮಣ್ಣು ಮುಗಿಸಿ ಬಂದ ಮರುದಿನವೇ ಅಪ್ಪ ಮರ ಕಡಿಸಲು ಆಳು ಕರೆತಂದರು. ಆದರೆ ಮಾವ ಮನೆಸಾಲದ ಜೊತೆ ಮಾಡಿಸಿದ್ದ ವಿಮೆಯ ಕಚೇರಿಯವರು ಹೇಳಿದ್ದೇ ಬೇರೆ: ಸರ್ವೆಯರ್ ನೋಡುವವರೆಗೆ ಏನನ್ನೂ ಕದಲಿಸಬೇಡಿ, ಮಳೆಗೆ ಇನ್ನಷ್ಟು ಹಾಳಾಗದಂತೆ ಹೊದಿಸಿಕೊಳ್ಳಿ, ಅಷ್ಟೇ. ವಿಮೆ ಬಿಟ್ಟರೆ ಆ ಮನೆ ಕಟ್ಟುವ ಶಕ್ತಿ ಅವರಿಗೂ ಇರಲಿಲ್ಲ, ನಮಗೂ ಇರಲಿಲ್ಲ. ಮಾವ ಕೊಬ್ಬರಿ ಚೀಲ, ಹಳೆಯ ಟಾರ್ಪಾಲಿನ್ ಸೇರಿಸಿ ಹೊಲಿದರು. ಮರವನ್ನು ಒಳಗೇ ಬಿಟ್ಟು ಸೂರು ಮುಚ್ಚಿದರು. ಬಿರುಕು ಬಿಟ್ಟ ಗೋಡೆಗೆ ಗಳ ಆನಿಸಿದರು.

ವಾರಗಳು ಕಳೆದರೂ ಸರ್ವೆಯರ್ ಬರಲಿಲ್ಲ. ಮರವೂ ಸಾಯಲಿಲ್ಲ, ಅರ್ಧ ಬೇರು ಇನ್ನೂ ನಮ್ಮ ಮಣ್ಣಿನಲ್ಲೇ ಇತ್ತು. ಮಾವ ನಡುಮನೆಯಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದರೆ ಒಳಗೆ ಗರಿಗಳು ಗಾಳಿಗೆ ಅಲುಗಿ ನೆಲಕ್ಕೆ ಉಜ್ಜುತ್ತಿದ್ದವು. ಯಂತ್ರ ನಿಲ್ಲಿಸಿ ಆಲಿಸುತ್ತಿದ್ದರು.

"ಅವಳೇ ಕಸ ಗುಡಿಸ್ದಂಗೆ ಕೇಳ್ತದೆ ಕಣಕ್ಕಾ" ಎಂದು ಒಮ್ಮೆ ಅಮ್ಮನಿಗೆ ಹೇಳಿದರು.

ಒಂದು ಬೆಳಗ್ಗೆ ಅಮ್ಮನನ್ನು ಕೂಗಿದರು. ನಾನೂ ಹಿಂದೆ ಹೋದೆ. ಮರದ ತಲೆಯಲ್ಲಿ ಹೊಂಬಾಳೆ ಒಡೆದಿತ್ತು. ಒಲೆಕಟ್ಟೆಯ ಮೇಲೆ, ಅತ್ತೆಯ ಮಸಾಲೆ ಡಬ್ಬಗಳ ನಡುವೆ, ಎಳೆಹಳದಿ ಹೂವು.

"ಏನ್ ಮಾಡ್ದೆ ಅಂತ ಇದಕ್ಕೆ ಗೊತ್ತೇ ಆಗ್ಲಿಲ್ವಲ್ಲ" ಎಂದರು ಮಾವ. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಅದೇ ನನ್ನನ್ನು ಹೆಚ್ಚು ಹೆದರಿಸಿತು.

ಕಡೆಗೂ ಸರ್ವೆಯರ್ ಬಂದು ಫೋಟೊ ತೆಗೆದು, "ಇನ್ನು ತೆಗೆಸ್ಬೋದು" ಎಂದು ಹೋದ. ಮಾವ ಆಳು ಬೇಡವೆಂದರು. ಇಬ್ಬರು ಎಳೆಯುವ ಉದ್ದ ಗರಗಸ ತಂದು, ಒಂದು ತುದಿ ತಾವು ಹಿಡಿದು, ಇನ್ನೊಂದನ್ನು ಅಪ್ಪನ ಕಡೆ ಚಾಚಿದರು. ಸ್ವಲ್ಪ ಎಳೆಯುವಷ್ಟರಲ್ಲೇ ಅಪ್ಪ ಹಿಡಿ ಬಿಟ್ಟರು.

"ನನ್ ಕೈಲಾಗಲ್ಲ ಸಾಹೇಬ್ರೇ."

"ಎಳೀರಿ ಅಣ್ಣಾ. ಒಬ್ರ ಕೈಲಾಗೋ ಕೆಲ್ಸ ಅಲ್ಲ ಇದು."

ಅಪ್ಪ ಅಳುತ್ತಲೇ ಎಳೆದರು.

ವಿಮೆಯ ಹಣ ಬಂದು ಗೋಡೆ ಎದ್ದಾಗ, ಮಾವ ಗಾರೆಯವನಿಗೆ ಹೇಳಿ ಅದರಲ್ಲಿ ನಮ್ಮ ಹಿತ್ತಲಿಗೆ ತೆರೆಯುವ ಬಾಗಿಲಿಡಿಸಿದರು. "ಬೀದಿ ಸುತ್ತಿ ಬರೋದ್ಯಾಕೆ ಬುಡಿ" ಎಂದರು. ಅಮ್ಮ ಅಲ್ಲಿಂದಲೇ ಅವರಿಗೆ ಸಾರು ಕೊಡುತ್ತಿದ್ದಳು. ನಾವು ಮಕ್ಕಳು ದಿನವಿಡೀ ಆ ಹೊಸ್ತಿಲು ದಾಟುತ್ತಿದ್ದೆವು. ಅಪ್ಪ ಮಾತ್ರ ಬೀದಿ ಸುತ್ತಿಯೇ ಹೋಗುತ್ತಿದ್ದರು. ಮಾವ ಒತ್ತಾಯಿಸಲಿಲ್ಲ, ಚಿಲಕವನ್ನೂ ಹಾಕಲಿಲ್ಲ.

ಹಲವು ವರ್ಷಗಳ ಮೇಲೆ ಒಂದು ಬೆಳಗ್ಗೆ ಮಾವ ಏಳಲಿಲ್ಲ. ಸುದ್ದಿ ಕೇಳಿ ಬೀದಿಬಾಗಿಲ ಮುಂದೆ ಜನ ಸೇರುತ್ತಿದ್ದರು. ಅಪ್ಪ ಹಿತ್ತಲಿಗೆ ನಡೆದು, ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ನಿಂತರು. ಆಮೇಲೆ ಆ ಬಾಗಿಲು ತಳ್ಳಿ ಒಳಗೆ ಹೋದರು.