ಚಟಾಕು ಸಾಹೇಬರ ಸಂಪು

ನಮ್ಮ ಭಾವ ಮೂವತ್ತೊಂದು ವರ್ಷ ತೂಕ ಮತ್ತು ಅಳತೆ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಅಂಗಡಿಯ ತಕ್ಕಡಿ ಸರಿಯಿದೆಯೇ, ಲೀಟರಿನ ಅಳತೆ ಲೀಟರನ್ನೇ ಹಿಡಿಯುತ್ತದೆಯೇ ಎಂದು ನೋಡಿ ಮುದ್ರೆ ಒತ್ತುವುದು ಅವರ ಕೆಲಸ. ಮಾರುಕಟ್ಟೆಯವರು ಬೆನ್ನ ಹಿಂದೆ ಅವರನ್ನು ಚಟಾಕು ಸಾಹೇಬರು ಎನ್ನುತ್ತಿದ್ದರು. ಒಂದು ಚಟಾಕು ಕಡಿಮೆ ಬಿದ್ದರೂ ದೋಷಾರೋಪ ಪತ್ರ ತಯಾರು. ಆ ಪತ್ರದ ಕೊನೆಯಲ್ಲಿ 'ಆರೋಪಿಯ ಸಮಜಾಯಿಷಿ' ಎಂದು ಒಂದು ಸಾಲು ಇರುತ್ತಿತ್ತು. ಅಂಗಡಿಯವರೆಲ್ಲ ಅಲ್ಲಿ ಬರೆಯುತ್ತಿದ್ದುದು ಒಂದೇ ಮಾತು: ಗೊತ್ತಿರಲಿಲ್ಲ. ಅದರ ಕೆಳಗೆ ಭಾವ ಬರೆಯುತ್ತಿದ್ದುದೂ ಒಂದೇ ಮಾತು: ಒಪ್ಪಲಾಗದು. ಅಷ್ಟು ಜನರಲ್ಲಿ ಒಬ್ಬನಿಗಾದರೂ ನಿಜವಾಗಿಯೇ ಗೊತ್ತಿರಲಿಲ್ಲವೇನೋ ಎಂಬ ಅನುಮಾನ ಅವರಿಗೆ ಒಂದು ದಿನವೂ ಬರಲಿಲ್ಲ. ಬಂದಿದ್ದರೆ ಬಡ್ತಿ ಸಿಗುತ್ತಿರಲಿಲ್ಲ, ಆ ಮಾತು ಬೇರೆ.

ನಿವೃತ್ತರಾದ ಮೇಲೆ ತಪಾಸಣೆಗೆ ಸಿಕ್ಕವಳು ನನ್ನ ಅಕ್ಕ. ಹಾಲಿನ ಪೊಟ್ಟಣ ಬಂದರೆ ಅಳೆದು ನೋಡುವುದು, ಸೋಪು ತಂದರೆ ತೂಗಿ ನೋಡುವುದು. ಅಕ್ಕ ಮುಂದಿನ ಕೋಣೆಯಲ್ಲಿ ಹತ್ತೊಂಬತ್ತು ವರ್ಷದಿಂದ ಹೊಲಿಗೆ ಕಲಿಸುತ್ತಿದ್ದಾಳೆ. ಹನ್ನೊಂದು ಮೆಷಿನ್ನುಗಳು, ಒಂದು ದೊಡ್ಡ ಕಿಟಕಿ, ದಿನವಿಡೀ ಒಳ್ಳೆಯ ಬೆಳಕು. ಅಲ್ಲಿಗೂ ಹೋಗಿ ಹುಡುಗಿಯರ ಟೇಪುಗಳನ್ನು ತಮ್ಮ ಉಕ್ಕಿನ ಪಟ್ಟಿಯ ಪಕ್ಕ ಇಟ್ಟು ಪರೀಕ್ಷಿಸಿದ ದಿನ ಅಕ್ಕ ಕೈ ಮುಗಿದಳು.

"ರೀ, ಏನಾದ್ರೂ ಸಾಕ್ಕೊಳ್ಳಿ. ನಾಯಿನೋ ಗಿಳಿನೋ, ಏನಾದ್ರೂ. ನಮ್ಮನ್ನ ಬಿಟ್ಬಿಡಿ."

ಭಾವ ಮೀನನ್ನು ಆರಿಸಿಕೊಂಡರು. ಮೀನು ಎದುರು ಮಾತಾಡುವುದಿಲ್ಲ.

ಹೀಗೆ ಊಟದ ಕೋಣೆಗೆ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ ಬಂತು. ಅದರ ಕೆಳಗೆ ಮರದ ಬೀರು, ಬೀರುವಿನೊಳಗೆ ಇನ್ನೊಂದು ಚಿಕ್ಕ ಗಾಜಿನ ತೊಟ್ಟಿ. ಅದಕ್ಕೆ ಸಂಪು ಅನ್ನಬೇಕಂತೆ. ಕಟ್ಟಡದ ನೆಲದಡಿಯಲ್ಲಿ ಒಂದು ಸಂಪು ಸಾಲದೆಂದು ಬೀರುವಿನಲ್ಲೂ ಒಂದು. ವ್ಯವಸ್ಥೆ ಇಷ್ಟೇ: ಮೇಲಿನ ತೊಟ್ಟಿಯ ಮೂಲೆಯಲ್ಲಿ ಬಾಚಣಿಗೆಯ ಹಲ್ಲಿನಂಥ ಒಂದು ತಡೆ. ಹೆಚ್ಚಾದ ನೀರು ಅದನ್ನು ದಾಟಿ ಪೈಪಿನಲ್ಲಿ ಸಂಪಿಗೆ ಇಳಿಯುತ್ತದೆ, ಅಲ್ಲಿ ಸೋಸಿಕೊಳ್ಳುತ್ತದೆ, ಮೋಟಾರು ಅದನ್ನು ಇನ್ನೊಂದು ಪೈಪಿನಲ್ಲಿ ಮೇಲಕ್ಕೆ ತಳ್ಳುತ್ತದೆ. ಎಂಟು ಬಂಗಾರದ ಮೀನುಗಳ ಕೊಳೆ ತೊಳೆಯಲು ಇಷ್ಟು ವೈಭವ. ಅದೇ ಮನೆಯ ಬಚ್ಚಲಿನ ನಲ್ಲಿ ಸೋರುತ್ತಲೇ ಇದ್ದರೂ ಅದನ್ನು ಕೇಳುವವರಿಲ್ಲ.

"ಸಂಪಲ್ಲಿ ಅರ್ಧ ನೀರಿದ್ರೆ ಸಾಕು ಸಾರ್" ಎಂದು ತೊಟ್ಟಿ ಮಾರಿದವನು ಹೇಳಿ ಹೋದ. ಭಾವನಿಗೆ ಅದು ಕಿವಿಗೆ ಕಾದ ಎಣ್ಣೆ ಬಿಟ್ಟಂತಾಯಿತು.

"ಅರ್ಧ ಅಂದ್ರೆ ಎಷ್ಟೋ? ಗಾಜಿನ ಮೇಲೆ ಗೆರೆ ಇದೆಯಾ? ಇಲ್ಲ. ಗೆರೆ ಇಲ್ಲದ ಪಾತ್ರೆ ಅಂಚಿನವರೆಗೆ ತುಂಬಬೇಕು. ಅದು ನಿಯಮ" ಎಂದು ನನಗೆ ಪಾಠ ಹೇಳಿದರು. ನಾನು ಅದೇ ಬೀದಿಯಲ್ಲಿರುವ ಭಾಮೈದ. ತಲೆಯಾಡಿಸುವುದು ಬಿಟ್ಟು ಬೇರೇನೂ ಮಾಡುವ ಹಕ್ಕು ನನಗಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಹಳೆಯ ಹಿತ್ತಾಳೆಯ ಲೀಟರಿನಿಂದ, ಆರಿಹೋದಷ್ಟು ನೀರನ್ನು ಸಂಪಿಗೆ ಸುರಿದು ಅಂಚಿಗೆ ಸರಿಯಾಗಿ ತುಂಬಿ, ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿ, ತೃಪ್ತಿಯಿಂದ ಬೀರುವಿನ ಬಾಗಿಲು ಹಾಕುತ್ತಿದ್ದರು.

ಮೊದಲ ಸಲ ಕರೆಂಟು ಹೋದಾಗ ಊಟದ ಕೋಣೆಯಲ್ಲಿ ಪಾದ ತೋಯುವಷ್ಟು ನೀರು.

ಕೆಳಗಿನ ಅಂತಸ್ತಿನಲ್ಲಿ ಮನೆಯ ಮಾಲೀಕರ ಹಲ್ಲಿನ ಆಸ್ಪತ್ರೆ. ಭಾವನ ಊಟದ ಕೋಣೆಯ ಸರಿಯಾಗಿ ಕೆಳಗೆ ರೋಗಿಯ ಕುರ್ಚಿ. ಬಾಯಿ ತೆರೆದು ಮಲಗಿದ್ದ ರೋಗಿಯೊಬ್ಬರ ಬಾಯಿಗೇ ಮೇಲಿನಿಂದ ಎರಡು ಹನಿ ಬಿತ್ತಂತೆ. "ಡಾಕ್ಟ್ರೇ, ಇನ್ನೂ ಮುಕ್ಕಳಿಸೋಕೆ ಹೇಳೇ ಇಲ್ವಲ್ಲ" ಎಂದರಂತೆ ಆ ಪುಣ್ಯಾತ್ಮರು. ಡಾಕ್ಟರು ಮೆಟ್ಟಿಲು ಹತ್ತಿ ಬಂದರು. ಆ ಸಲ ಬರೀ ಮುಖ ಊದಿಸಿಕೊಂಡು ಹೋದರು.

ಭಾವ ತನಿಖೆ ಶುರು ಮಾಡಿದರು. ಪೈಪಿನ ಕೆಲಸದವನನ್ನು ಕರೆಸಿದರು. ಅದೇ ಕಟ್ಟಡದ ಕೆಳಗಿನ ಮೂಲೆಯಲ್ಲಿ ಅವನ ಪುಟ್ಟ ಅಂಗಡಿ, ಆಸ್ಪತ್ರೆಯ ನಲ್ಲಿ, ತೊಟ್ಟಿ ಎಲ್ಲ ನೋಡಿಕೊಳ್ಳುವವನೂ ಅವನೇ. ಅವನು ಎಲ್ಲ ಜಾಯಿಂಟುಗಳನ್ನೂ ಬಿಚ್ಚಿ ಮತ್ತೆ ಅಂಟಿಸಿದ. ಭಾವ ಮೋಟಾರು ಹಾಕಿ, ಒಂದು ಗಂಟೆ ಕಣ್ಣಲ್ಲಿ ಕಣ್ಣಿಟ್ಟು ಕೂತು, ಒಂದು ಹನಿಯೂ ಸೋರದಿದ್ದನ್ನು ಕಂಡು ಪಾಸು ಮಾಡಿದರು. ಮುಂದಿನ ವಾರ ಕರೆಂಟು ಹೋಯಿತು, ನೀರು ಬಂತು. ಇಳಿಯುವ ಪೈಪನ್ನು ದಪ್ಪದ್ದಕ್ಕೆ ಬದಲಿಸಿದರು, ಮೋಟಾರು ಹಾಕಿ ಪಾಸು ಮಾಡಿದರು. ಕರೆಂಟು ಹೋಯಿತು, ನೀರು ಬಂತು. ಗಾಜಿನವನು ಬಂದು ಸಂಪಿನ ನಾಲ್ಕೂ ಮೂಲೆಗೆ ಅಂಟು ಬಳಿದು ಹೋದ. ಮತ್ತೆ ಅದೇ ಕತೆ.

"ಕರೆಂಟು ಹೋದಾಗ್ಲೇ ಯಾಕ್ರೀ ಬರುತ್ತೆ?" ಎಂದು ಅಕ್ಕ ನೆಲ ಒರೆಸುತ್ತಾ ಕೇಳಿದಳು.

"ಮೋಟಾರು ನಿಂತ ಮೇಲೆ ನೀರು ಓಡೋಕೆ ಕಾರಣವೇ ಇಲ್ಲ ಕಣೇ. ಅಂದ್ರೆ ಮೊದಲೇ ಎಲ್ಲೋ ಸೋರಿರುತ್ತೆ. ಕೆಲಸ ಕಳಪೆ, ಅಷ್ಟೇ."

ಪೈಪಿನವನನ್ನು ನಿಲ್ಲಿಸಿ ಕೇಳಿದರು. ಅವನು ತಲೆ ಕೆರೆದುಕೊಂಡ. "ಎಲ್ಲಿಂದ ಬರ್ತಿದೆ ಅಂತ ನನಗೆ ಗೊತ್ತಾಗ್ತಿಲ್ಲ ಸಾರ್. ನನ್ನ ಜಾಯಿಂಟಂತೂ ಗಟ್ಟಿಯಾಗಿದೆ."

ಗೊತ್ತಿಲ್ಲ ಎಂಬ ಮಾತನ್ನು ಭಾವನ ಮುಂದೆ ಆಡಬಾರದಿತ್ತು. ಅವತ್ತೇ ಡಾಕ್ಟರಿಗೆ ಎರಡು ಪುಟದ ಪತ್ರ ಹೋಯಿತು: ಸದರಿ ಸೋರಿಕೆಗೆ ಸದರಿ ಕೆಲಸಗಾರನ ಬೇಜವಾಬ್ದಾರಿಯೇ ಕಾರಣ. ಡಾಕ್ಟರು ಪೈಪಿನವನನ್ನು ಆಸ್ಪತ್ರೆಯ ಕೆಲಸದಿಂದ ಬಿಡಿಸಿದರು. ಜೊತೆಗೆ ಭಾವನಿಗೂ ಹೇಳಿ ಕಳಿಸಿದರು: ಶನಿವಾರ ಹತ್ತು ಗಂಟೆಗೆ ಬರುತ್ತೇನೆ, ಅಷ್ಟರಲ್ಲಿ ಸರಿಯಾಗಿರಬೇಕು, ಇನ್ನು ಒಂದು ಹನಿ ಬಿದ್ದರೂ ಮನೆ ಖಾಲಿ ಮಾಡಬೇಕು.

ಅಕ್ಕ ಬಿಳಿಚಿಕೊಂಡಳು. ಹನ್ನೊಂದು ಮೆಷಿನ್ನುಗಳ ಗಡಗಡ ಸದ್ದನ್ನು ಸಹಿಸುವ ಇನ್ನೊಬ್ಬ ಮಾಲೀಕ ಈ ಭೂಮಿಯ ಮೇಲೆ ಇಲ್ಲ. ನಾಲ್ಕು ಮನೆ ವಿಚಾರಿಸಿದಳು, ನಾಲ್ಕೂ ಕಡೆ ಮೆಷಿನ್ನು ಎಂದ ಕೂಡಲೇ ಬಾಗಿಲು ಹಾಕಿದರು. ಮನೆ ಹೋದರೆ ಅವಳ ತರಗತಿ ಹೋಯಿತು. ನನಗೆ ಆ ಎಂಟು ಮೀನುಗಳನ್ನೂ ಅವುಗಳ ಒಡೆಯನನ್ನೂ ಒಟ್ಟಿಗೆ ಚರಂಡಿಗೆ ಬಿಡುವಷ್ಟು ಸಿಟ್ಟು ಬಂದಿತ್ತು.

ಶುಕ್ರವಾರ ಮಧ್ಯಾಹ್ನ ಅಕ್ಕ ಹುಡುಗಿಯರನ್ನು ಬೇಗ ಕಳಿಸಿ, ಕೊರಳಲ್ಲಿ ಟೇಪು ಹಾಕಿಕೊಂಡೇ ಬೀರುವಿನ ಮುಂದೆ ಬಂದು ಕೂತಳು.

"ಮೋಟಾರು ಆರಿಸಿ."

"ಓಡೋವಾಗ ನೋಡಬೇಕು ಕಣೇ, ನಿಂತಾಗ ಏನಿರುತ್ತೆ?"

"ಆರಿಸಿ ಅಂದೆ."

ನಾನೇ ಸ್ವಿಚ್ಚು ಒತ್ತಿದೆ. ಮೋಟಾರಿನ ಗುಂಯ್ ನಿಂತಿತು. ನೀರಿನ ಸದ್ದು ನಿಲ್ಲಲಿಲ್ಲ. ಮೇಲಿನ ತೊಟ್ಟಿಯ ನೀರು ಆ ಹಲ್ಲುಗಳ ಮಟ್ಟಕ್ಕೆ ಬರುವವರೆಗೂ ಇಳಿಯಿತು. ಅದು ಸಾಲದೆಂದು, ಮೇಲಕ್ಕೆ ತಳ್ಳುವ ಪೈಪಿನ ಬಾಯಿ ನೀರಿನೊಳಗೇ ಇತ್ತಲ್ಲ, ಅದೂ ಹಿಂದಕ್ಕೆ ನೀರು ಎಳೆಯತೊಡಗಿತು. ಬಾಯಿ ಗಾಳಿಗೆ ಬಂದ ಮೇಲೆಯೇ ನಿಂತಿದ್ದು. ಅಷ್ಟೂ ನೀರು ಎಲ್ಲಿಗೆ ಹೋಗಬೇಕು? ಸಂಪಿಗೆ. ಸಂಪು ಆಗಲೇ ಅಂಚಿನವರೆಗೆ ತುಂಬಿ, ನಿಯಮದ ಪ್ರಕಾರ ಸಿದ್ಧವಾಗಿತ್ತು. ನಾವು ಮೂವರೂ ಮನೆಯಲ್ಲಿದ್ದ ಟವೆಲ್ಲುಗಳನ್ನೆಲ್ಲ ನೆಲಕ್ಕೆ ಹಾಸಿ, ಕೆಳಗೆ ಹನಿ ಬೀಳದಂತೆ ಮೈಯೆಲ್ಲ ಕೈಯಾಗಿ ಒರೆಸಿದೆವು.

ಅಕ್ಕ ಸಂಪಿನಿಂದ ಮೂರು ಬಕೆಟ್ ನೀರು ಎತ್ತಿಸಿದಳು. ಮೋಟಾರು ಹಾಕಿಸಿ, ನೀರು ಒಂದು ಮಟ್ಟಕ್ಕೆ ನಿಂತ ಮೇಲೆ ಮತ್ತೆ ಆರಿಸಿದಳು. ಸಂಪಿನಲ್ಲಿ ನೀರು ಏರಿತು, ಅಂಚಿಗಿಂತ ಸಾಕಷ್ಟು ಕೆಳಗೇ ನಿಂತಿತು. ಟೇಪು ಹಿಡಿದಳು. ನೀರು ಏರಿದ್ದು ನಾಲ್ಕಿಂಚು ಚಿಲ್ಲರೆ.

"ಬಟ್ಟೆ ಕತ್ತರಿಸೋವಾಗ ಹೊಲಿಗೆಗೆ ಅಂತ ಅಂಚಲ್ಲಿ ಒಂದಿಷ್ಟು ಬಿಡೋದಿಲ್ವೇನ್ರೀ? ಮೈ ಅಳತೆಗೆ ಸರಿಯಾಗಿ ಕತ್ತರಿಸಿದ್ರೆ ತೊಡೋಕಾಗುತ್ತಾ? ಮೊದಲ ದಿನದ ಹುಡುಗಿಗೂ ಗೊತ್ತು ಇದು. ವಾಪಸ್ ಬರೋ ನೀರಿಗೆ ಜಾಗ ಬಿಟ್ಟಿದ್ದೀರಾ ನೀವು?"

ಜೇಬಿನಿಂದ ಗುರುತು ಹಾಕುವ ಸೀಮೆಸುಣ್ಣ ತೆಗೆದು ಗಾಜಿನ ಹೊರಗೆ ಗೆರೆ ಎಳೆದಳು, ಅಂಚಿನಿಂದ ಆರಿಂಚು ಕೆಳಗೆ. "ಮೋಟಾರು ಓಡೋವಾಗ ಇದನ್ನ ದಾಟಬಾರದು. ಗೆರೆ ಬೇಕು ಅಂತಿದ್ರಲ್ಲ, ತಗೊಳ್ಳಿ."

ನನಗೆ ಹೊಟ್ಟೆ ತಣ್ಣಗಾಯಿತು. ಭಾವ ಹಿತ್ತಾಳೆಯ ಲೀಟರನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಶನಿವಾರ ಹತ್ತಕ್ಕೆ ಡಾಕ್ಟರು ಬಂದರು. ಅಕ್ಕ ಅವರ ಎದುರಿಗೇ ಮೋಟಾರು ಆರಿಸಿದಳು. ಡಾಕ್ಟರು ಕೆಳಗಿಳಿದು ಕಾಲು ಗಂಟೆ ತಾವೇ ರೋಗಿಯ ಕುರ್ಚಿಯಲ್ಲಿ ಮಲಗಿ ಛಾವಣಿ ನೋಡಿದರು. ಬಾಯಿ ಮುಚ್ಚಿಕೊಂಡಿದ್ದರು ಎಂದು ಕೇಳಿದ್ದೇನೆ. ಒಂದು ಹನಿ ಬೀಳಲಿಲ್ಲ. ಮೇಲೆ ಬಂದು, "ನೀವು ಇರಿ ಅಮ್ಮ, ನಿಮ್ಮ ಮೆಷಿನ್ನಿಂದ ನನಗೇನೂ ತೊಂದರೆ ಇಲ್ಲ" ಎಂದರು. ಅಕ್ಕ ಹತ್ತಿರದ ಸ್ಟೂಲಿನ ಮೇಲೆ ಕೂತಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೊರಡುವಾಗ ಡಾಕ್ಟರು ಭಾವನತ್ತ ತಿರುಗಿದರು. "ಅಂತೂ ಆ ಪೈಪಿನವನ ತಪ್ಪು ಎಲ್ಲಿತ್ತು ಅಂತ ಸಿಕ್ತಾ?"

ಹೌದು ಎಂದರೆ ಮುಗಿಯುತ್ತಿತ್ತು. ಭಾವ ಹೌದೆನ್ನುತ್ತಾರೆ ಎಂದು ನಾನು ಮನಸ್ಸಿನಲ್ಲೇ ಬೈಗುಳ ಸಿದ್ಧ ಮಾಡಿಕೊಂಡಿದ್ದೆ. ಅವರು ಜೇಬಿನಿಂದ ಒಂದು ಮಡಿಸಿದ ಕಾಗದ ತೆಗೆದು ಡಾಕ್ಟರ ಕೈಗಿಟ್ಟರು. ಹಳೆಯ ಇಲಾಖೆಯ ಶೈಲಿಯ ದೋಷಾರೋಪ ಪತ್ರ. ಅಪರಾಧ: ಪಾತ್ರೆಯನ್ನು ಅಂಚಿನವರೆಗೆ ತುಂಬಿದ್ದು. ಆರೋಪಿಯ ಹೆಸರಿನ ಜಾಗದಲ್ಲಿ ಅವರದೇ ಹೆಸರು. ಸಮಜಾಯಿಷಿಯ ಸಾಲಿನಲ್ಲಿ, ಮುತ್ತಿನಂಥ ಅಕ್ಷರದಲ್ಲಿ, ಗೊತ್ತಿರಲಿಲ್ಲ.

ಡಾಕ್ಟರು ಓದಿ ಅಕ್ಕನಿಗೆ ಕೊಟ್ಟರು. ಅಕ್ಕ ಓದಿ ಮಡಿಸಿ ಗಂಡನ ಕೈಗೇ ವಾಪಸ್ ಇಟ್ಟಳು.

"ಇದನ್ನ ನಮಗ್ಯಾಕ್ರೀ ತೋರಿಸ್ತೀರಾ? ಪೈಪಿನವನಿಗೆ ತೋರಿಸಿ. ಒಪ್ಪೋದು ಬಿಡೋದು ಅವನಿಗೆ ಸೇರಿದ್ದು."

ಭಾವ ಚಪ್ಪಲಿ ಮೆಟ್ಟಿ ಹೊರಟರು. ಡಾಕ್ಟರೂ ಅವರ ಜೊತೆ ಇಳಿದರು, ಹಿಂದೆ ನಾನು. ಪೈಪಿನವನು ಅಂಗಡಿಯ ಮುಂದೆ ಕೂತು ಹಳೆಯ ನಲ್ಲಿಯೊಂದರ ತುಕ್ಕು ಉಜ್ಜುತ್ತಿದ್ದ. ಭಾವನನ್ನು ಕಂಡು ಎದ್ದು ನಿಂತ, ಮುಖ ಗಂಟಿಕ್ಕಿಕೊಂಡ. ಕಾಗದ ತೆಗೆದುಕೊಂಡು ಬೆರಳಿಟ್ಟು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದ. ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

"ನಾನೂ ಇದೇ ಅಂದಿದ್ದೆ ಸಾರ್. ನೀವು ನಂಬಲಿಲ್ಲ."

ಭಾವ ತಲೆ ತಗ್ಗಿಸಿದರು. ಅವರು ಯಾರೆದುರಿಗಾದರೂ ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಿಜ ಹೇಳುತ್ತೇನೆ, ಪಾಪ ಅನ್ನಿಸಿತು.

ಡಾಕ್ಟರು, "ಸೋಮವಾರದಿಂದ ಆಸ್ಪತ್ರೆ ಕೆಲಸಕ್ಕೆ ಬಾಪ್ಪ" ಎಂದು ಒಳಗೆ ಹೋದರು.

ಪೈಪಿನವನು ಕಾಗದವನ್ನು ಅಂಗಿಯ ಜೇಬಿಗಿಟ್ಟುಕೊಂಡು ತನ್ನ ಸಾಮಾನಿನ ಚೀಲ ಕೈಗೆತ್ತಿಕೊಂಡ.

"ನಡೀರಿ ಸಾರ್, ಮೇಲಿನ ಪೈಪಿನ ಬಾಯಿ ಒಂದಿಂಚು ಎತ್ತಿ ಕೊಡ್ತೀನಿ. ಆಗ ಇನ್ನೂ ಕಡಿಮೆ ನೀರು ಇಳಿಯುತ್ತೆ." ಎರಡು ಮೆಟ್ಟಿಲು ಹತ್ತಿ, ಹಿಂದಿರುಗಿ ನೋಡದೆ ಹೇಳಿದ: "ನಿಮಗೆ ಗೊತ್ತಿರಲಿಲ್ಲ ಅನ್ನೋದನ್ನ ನಾನು ನಂಬ್ತೀನಿ."